ಎತ್ತಿಗೆ ಜ್ವರ, ಎಮ್ಮೆಗೆ ಬರೆ

2011ರ ಜೂನ್ ತಿಂಗಳಲ್ಲಿ ಫ್ರಾನ್ಸಿನ ಸೀಸನ್ ಆಫ್ ಮಿಸ್ಟ್ ಕಂಪನಿ ಹೊರತಂದ ಒಂದು ಆಲ್ಬಂ ಬಗ್ಗೆ ಡೆತ್ ಮೆಟಲ್ ಕೇಳುವವರಲ್ಲಿ ಒಂದು ತೀರ್ಪು ಗಟ್ಟಿಯಾಗಿ ಕೂತುಬಿಟ್ಟಿದೆ. ಆಲ್ಬಂ ಹೆಸರು ‘ಇಲ್ಲುಡ್ ಡಿವಿನಮ್ ಇನ್ಸಾನಸ್’. ಮಾಡಿದವರು ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾದ ಮಾರ್ಬಿಡ್ ಏಂಜೆಲ್. 1989ರಲ್ಲಿ ‘ಆಲ್ಟರ್ಸ್ ಆಫ್ ಮ್ಯಾಡ್ನೆಸ್’ ತಂದು, ಡೆತ್ ಮೆಟಲ್ ಅಂದರೆ ಏನೆಂದು ಜಗತ್ತಿಗೆ ತೋರಿಸಿಕೊಟ್ಟ ಬೆರಳೆಣಿಕೆಯ ಬ್ಯಾಂಡುಗಳಲ್ಲಿ ಇದೂ ಒಂದು. ಅಂಥ ಬ್ಯಾಂಡು ಗಿಟಾರಿನ ಪಕ್ಕಕ್ಕೆ ಟೆಕ್ನೋ ಸಂಗೀತದ ಕಿಕ್ ಡ್ರಮ್ಮನ್ನೂ ಇಂಡಸ್ಟ್ರಿಯಲ್ ಲೂಪುಗಳನ್ನೂ ತಂದು ಕೂರಿಸಿತು. ತೀರ್ಪು ಹೀಗಿದೆ: ಎಲೆಕ್ಟ್ರಾನಿಕ್ ಸಂಗೀತ ಬೆರೆಸಿದ್ದರಿಂದಲೇ ಆಲ್ಬಂ ಕೆಟ್ಟಿತು; ಡೆತ್ ಮೆಟಲ್ ಮನುಷ್ಯರ ಕೈಕಾಲಿನಿಂದ, ಬೆವರಿನಿಂದ ಹುಟ್ಟುವ ಸಂಗೀತ, ಅದಕ್ಕೂ ಮೆಷಿನ್ನಿಗೂ ಆಗಿಬರುವುದಿಲ್ಲ; ಬೆರೆಸಲು ಹೋದವರಿಗೆಲ್ಲ ಇದೇ ಗತಿ.

ಈ ತೀರ್ಪಿನ ಮೊದಲ ಮಾತು ತಪ್ಪು, ಎರಡನೆಯದು ಸುಳ್ಳು, ಮೂರನೆಯದರಿಂದ ಈಗಲೂ ಹಾನಿಯಾಗುತ್ತಿದೆ. ಆಲ್ಬಂ ಸೋತಿದೆ ಎಂಬುದರಲ್ಲಿ ನನಗೆ ತಕರಾರಿಲ್ಲ. ಸೋತದ್ದು ಯಾವ ಕಾರಣಕ್ಕೆ ಎಂಬುದರಲ್ಲಿ ಇದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಹಾಡು ಕಟ್ಟುವುದರಲ್ಲಿ ಆದ ದೋಷಕ್ಕೆ ವಾದ್ಯವನ್ನು ಶಿಕ್ಷಿಸಲಾಗಿದೆ. ಹದಿಮೂರು ವರ್ಷಕ್ಕೂ ಮೇಲ್ಪಟ್ಟು ಈ ಬರೆ ಎಳೆಯುತ್ತಲೇ ಇದ್ದಾರೆ.

ಕೇಳುಗರ ಸಿಟ್ಟಿಗೆ ಕಾರಣವಿತ್ತು ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಹಾಡುಗಾರ ಮತ್ತು ಬಾಸ್ ವಾದಕ ಡೇವಿಡ್ ವಿನ್ಸೆಂಟ್ 1996ರಲ್ಲಿ ಬ್ಯಾಂಡ್ ಬಿಟ್ಟು 2004ರಲ್ಲಿ ಮರಳಿದ್ದರು. ಅವರ ದನಿ ಇದ್ದ ಹಿಂದಿನ ಸ್ಟುಡಿಯೋ ಆಲ್ಬಂ 1995ರ ‘ಡಾಮಿನೇಷನ್’. ಗಿಟಾರ್ ವಾದಕ ಟ್ರೇ ಅಜಗ್‌ಥಾತ್ ಜೊತೆ ಅವರು ಮತ್ತೆ ಕೂತು ಏನು ಮಾಡುತ್ತಾರೆ ಎಂದು ಜನ ಹದಿನಾರು ವರ್ಷ ಕಾದಿದ್ದರು. ಬೆನ್ನಿನ ಶಸ್ತ್ರಚಿಕಿತ್ಸೆಯಿಂದಾಗಿ ಡ್ರಮ್ಮರ್ ಪೀಟ್ ಸ್ಯಾಂಡೊವಾಲ್ ಈ ಆಲ್ಬಮ್ಮಿನಲ್ಲಿ ಇರಲಿಲ್ಲ, ಅವರ ಜಾಗಕ್ಕೆ ಟಿಮ್ ಯೂಂಗ್ ಬಂದರು. ಆಲ್ಬಂಗೆ ಮೊದಲು ‘ನೆವರ್‌ಮೋರ್’ ಹಾಡನ್ನು ಬಿಡಿಯಾಗಿ ಬಿಟ್ಟಿದ್ದರು. ಅದು ಹಳೆಯ ಜಾಡಿನಲ್ಲೇ ಇತ್ತು. ಅದೇ ನಿರೀಕ್ಷೆಯಲ್ಲಿ ಪೂರ್ತಿ ಆಲ್ಬಂ ಹಾಕಿದವರಿಗೆ, ಪೀಠಿಕೆ ಮುಗಿದು ಮೊದಲ ಹಾಡು ಶುರುವಾಗುತ್ತಿದ್ದ ಹಾಗೆ ಕ್ಲಬ್ಬಿನ ಕಿಕ್ ಎದೆಗೆ ಬಡಿಯಿತು. ಬೇಸರವಾಗುವುದು ಸಹಜ. ಆದರೆ ಮೊದಲ ದಿನದ ಬೇಸರವನ್ನೇ ಕೊನೆಯ ತೀರ್ಪಾಗಿಸಿಕೊಂಡು, ಅದರ ಮೇಲೆ ಒಂದು ಸಿದ್ಧಾಂತವನ್ನೇ ಕಟ್ಟಿದರಲ್ಲ, ನನ್ನ ಜಗಳ ಅದರೊಂದಿಗೆ.

ಆಲ್ಬಮ್ಮಿನಲ್ಲಿ ಇರುವುದೇನು ಎಂದು ನೋಡೋಣ. ಒಟ್ಟು ಹನ್ನೊಂದು ಟ್ರ್ಯಾಕುಗಳು. ‘ಆಮ್ನಿ ಪೋಟೆನ್ಸ್’ ಬರೀ ಪೀಠಿಕೆ. ಎಲೆಕ್ಟ್ರಾನಿಕ್ ಬಡಿತವೇ ಮುಂದೆ ನಿಂತ ಹಾಡುಗಳು ನಾಲ್ಕು: ‘ಟೂ ಎಕ್ಸ್‌ಟ್ರೀಮ್!’, ‘ಡಿಸ್ಟ್ರಕ್ಟೋಸ್ ವರ್ಸಸ್ ದಿ ಅರ್ತ್’, ‘ರ್‍ಯಾಡಿಕಲ್ಟ್’, ಮತ್ತು ಕೊನೆಯ ‘ಪ್ರೊಫುಂಡಿಸ್’. ‘ಎಗ್ಸಿಸ್ಟೊ ವಲ್ಗೋರೆ’, ‘ಬ್ಲೇಡ್ಸ್ ಫಾರ್ ಬಾಲ್’, ‘10 ಮೋರ್ ಡೆಡ್’, ‘ನೆವರ್‌ಮೋರ್’, ‘ಬ್ಯೂಟಿ ಮೀಟ್ಸ್ ಬೀಸ್ಟ್’ ಈ ಐದೂ ಗಿಟಾರ್, ಬಾಸ್, ಡ್ರಮ್ಸಿನ ಡೆತ್ ಮೆಟಲ್. ಉಳಿದದ್ದು ‘ಐ ಆಮ್ ಮಾರ್ಬಿಡ್’. ಇದರಲ್ಲಿ ಮೆಷಿನ್ನಿನ ಹಾವಳಿ ಇಲ್ಲ, ಗಿಟಾರ್ ಬ್ಯಾಂಡ್ ನುಡಿಸಿದ ಹಾಡು. ಜನಸಮೂಹ ಬ್ಯಾಂಡಿನ ಹೆಸರು ಕೂಗುವುದರಿಂದ ಶುರುವಾಗಿ, ಬ್ಯಾಂಡು ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವುದರಲ್ಲಿ ಮುಗಿಯುತ್ತದೆ. ನನ್ನ ಕಿವಿಗೆ ಇಡೀ ಆಲ್ಬಮ್ಮಿನ ಅತ್ಯಂತ ಬಡ ಹಾಡು ಇದೇ. ಎಲೆಕ್ಟ್ರಾನಿಕ್ಸೇ ವಿಷವಾಗಿದ್ದರೆ ಅದು ಮುಟ್ಟದ ಹಾಡುಗಳಾದರೂ ಉಳಿದುಕೊಳ್ಳಬೇಕಿತ್ತು. ಉಳಿದುಕೊಂಡಿಲ್ಲ. ಆ ಐದು ‘ಶುದ್ಧ’ ಹಾಡುಗಳಲ್ಲಿ ‘ಎಗ್ಸಿಸ್ಟೊ ವಲ್ಗೋರೆ’ ಮತ್ತು ‘ನೆವರ್‌ಮೋರ್’ ಪರವಾಗಿಲ್ಲ ಅನ್ನಬಹುದು. ಆದರೆ 1993ರ ‘ಕವೆನಂಟ್’ ಆಲ್ಬಮ್ಮಿನ ಯಾವುದೇ ಹಾಡಿನ ಪಕ್ಕದಲ್ಲಿಟ್ಟು ಕೇಳಿದರೆ, ಗಿಟಾರಿನ ಮರುಕಳಿಸುವ ತುಣುಕುಗಳಾದ ರಿಫ್‌ಗಳು ಸಪ್ಪೆ. ಅಜಗ್‌ಥಾತ್ ಅವರ ಗಿಟಾರಿನಲ್ಲಿ ಮುಂದೆ ಏನು ಬರುತ್ತದೆಂದು ಊಹಿಸಲಾಗದಂಥ ತಿರುವುಗಳಿರುತ್ತಿದ್ದವು, ಇಲ್ಲಿ ಅವು ಸಿಗುವುದೇ ಅಪರೂಪ. ಬೈಯುವವರಲ್ಲಿ ಹೆಚ್ಚಿನವರು ಈ ಐದು ಹಾಡುಗಳ ಸುದ್ದಿಗೇ ಹೋಗುವುದಿಲ್ಲ. ಹೋದರೆ ತೀರ್ಪಿನ ಬುಡ ಅಲ್ಲಾಡುತ್ತದೆ.

ಈಗ ಎರಡನೆಯ ಮಾತಿಗೆ ಬರೋಣ, ಡೆತ್ ಮೆಟಲ್ ಕೈಕಾಲಿನ ಸಂಗೀತ ಎಂಬುದಕ್ಕೆ. ಇದನ್ನು ಹೇಳುವವರು ತಾವು ಮೆಚ್ಚುವ ರೆಕಾರ್ಡುಗಳ ಕಿಕ್ ಡ್ರಮ್ಮಿಗೆ ಒಮ್ಮೆ ಕಿವಿಗೊಟ್ಟು ಕೇಳಲಿ. ನಿಮಿಷಕ್ಕೆ 220 ಬೀಟ್ ವೇಗದಲ್ಲಿ ಡ್ರಮ್ಮರ್ ಎರಡೂ ಕಾಲಿನಿಂದ ಪೆಡಲ್ ಒತ್ತುತ್ತಾ ಬೀಟಿಗೆ ನಾಲ್ಕು ಪೆಟ್ಟು ಹೊಡೆದರೆ ಸೆಕೆಂಡಿಗೆ ಹದಿನಾಲ್ಕಕ್ಕೂ ಹೆಚ್ಚು ಪೆಟ್ಟು ಬೀಳುತ್ತವೆ. ಮೈಕ್ ಇಟ್ಟು ಅದನ್ನು ಹಾಗೇ ಹಿಡಿದರೆ ಸಿಗುವುದು ಗುಡುಗುಡು ಎಂಬ ಒಂದು ಮುದ್ದೆ. ಒಂದು ಪೆಟ್ಟಿನ ಮೊಳಗು ಇಳಿಯುವ ಮುನ್ನ ಇನ್ನೊಂದು ಬಿದ್ದಿರುತ್ತದೆ, ದಣಿದ ಕಾಲಿನ ಪೆಟ್ಟು ಮೆತ್ತಗಾಗಿರುತ್ತದೆ. ಅದಕ್ಕೆ ಕಂಡುಕೊಂಡ ಪರಿಹಾರ ಟ್ರಿಗರ್. ಡ್ರಮ್ಮಿನ ಅಂಚಿಗೆ ಕಚ್ಚಿ ಕೂರುವ ಪುಟ್ಟ ಸಾಧನ ಅದು. ಒಳಗಿನ ಪೀಜೋ ಬಿಲ್ಲೆ ಡ್ರಮ್ಮಿನ ಅದುರುವಿಕೆಯನ್ನು ವಿದ್ಯುತ್ ಮಿಡಿತವಾಗಿ ಬದಲಿಸುತ್ತದೆ, ಮಿಡಿತ ಕೇಬಲ್ ಮೂಲಕ ಒಂದು ಪೆಟ್ಟಿಗೆಗೆ ಹೋಗುತ್ತದೆ, ಆ ಪೆಟ್ಟಿಗೆ ಮೊದಲೇ ರೆಕಾರ್ಡ್ ಮಾಡಿಟ್ಟ ಕಿಕ್ ಸದ್ದೊಂದನ್ನು ನುಡಿಸುತ್ತದೆ. ನಮ್ಮ ಕಿವಿಗೆ ಬೀಳುವ ಟಕಟಕ ಎಂಬ ಚೂಪಾದ ಸದ್ದು ಆ ರಾತ್ರಿ ಆ ಡ್ರಮ್ಮಿನಿಂದ ಹೊರಟದ್ದಲ್ಲ, ಪೆಟ್ಟಿಗೆಯಿಂದ ಬಂದದ್ದು. ಯಾವಾಗ ಎಂಬುದನ್ನು ಕಾಲು ಹೇಳುತ್ತದೆ. ಯಾವ ಸದ್ದು, ಎಷ್ಟು ಜೋರು ಎಂಬುದನ್ನು ಮೆಷಿನ್ ಹೇಳುತ್ತದೆ. 1990ರ ದಶಕದಿಂದ ಈಚೆಗೆ ವೇಗದ ಡೆತ್ ಮೆಟಲ್‌ನಲ್ಲಿ ಇದು ವಾಡಿಕೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಡ್ರಮ್ಮರನ ಪರಿಶ್ರಮವೂ ಇದರಿಂದ ಸುಳ್ಳಾಗುವುದಿಲ್ಲ. ಆದರೆ ಈ ಸದ್ದನ್ನು ಮೂವತ್ತು ವರ್ಷ ತಲೆದೂಗುತ್ತಾ ಕೇಳಿ, ಮೆಷಿನ್ನಿನ ಕಿಕ್ ಮೊದಲ ಬಾರಿಗೆ 2011ರಲ್ಲಿ ಮನೆಯೊಳಗೆ ನುಗ್ಗಿತು ಎನ್ನುವುದು ಸರಿಯಲ್ಲ.

ಗಿಟಾರಿನ ಕಥೆಯೂ ಹೀಗೇ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಸನ್‌ಲೈಟ್ ಸ್ಟುಡಿಯೋ ಎಂದೊಂದಿತ್ತು. ನಡೆಸುತ್ತಿದ್ದವರು ಥಾಮಸ್ ಸ್ಕೋಗ್ಸ್‌ಬರ್ಗ್. ಅಲ್ಲಿ ರೆಕಾರ್ಡ್ ಆಗಿ 1990ರಲ್ಲಿ ಬಂದ ಎಂಟೂಂಬ್ಡ್ ಬ್ಯಾಂಡಿನ ‘ಲೆಫ್ಟ್ ಹ್ಯಾಂಡ್ ಪಾತ್’ ಆಲ್ಬಮ್ಮಿನ ಗಿಟಾರ್, ಗರಗಸದಿಂದ ಮರ ಸೀಳುವ ಹಾಗೆ ಕೇಳುತ್ತದೆ. ಆ ಸದ್ದನ್ನು ಇಡೀ ಒಂದು ಪೀಳಿಗೆ ಅನುಕರಿಸಿತು. ಅದು ಹುಟ್ಟಿದ್ದು ಬಾಸ್ ಬ್ರಾಂಡಿನ ಎಚ್‌ಎಂ-2 ಎಂಬ ಕಾಲಲ್ಲಿ ಒತ್ತುವ ಪೆಡಲ್‌ನಿಂದ. ಅದಕ್ಕೆ ನಾಲ್ಕು ತಿರುಗಣೆಗಳು, ನಾಲ್ಕನ್ನೂ ಕೊನೆಯವರೆಗೆ ತಿರುಗಿಸಿಟ್ಟರೆ ಆ ಸದ್ದು. ಬಾಸ್ ಎನ್ನುವುದು ಜಪಾನಿನ ರೋಲ್ಯಾಂಡ್ ಕಂಪನಿಯದೇ ಬ್ರಾಂಡ್. ಎಚ್‌ಎಂ-2 ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ಅದೇ ರೋಲ್ಯಾಂಡ್ ಕಂಪನಿ ಅದೇ 1983ರಲ್ಲಿ ಟಿಆರ್-909 ಎಂಬ ಡ್ರಮ್ ಮೆಷಿನ್ನನ್ನೂ ಹೊರತಂದಿತು. ಅದರ ಕಿಕ್ ಸದ್ದು ಒಂದು ಆಸಿಲೇಟರ್‌ನದು: ಶುರುವಿನಲ್ಲಿ ಕಟಕ್ ಎಂಬ ಚಿಕ್ಕ ಪೆಟ್ಟು, ಹಿಂದೆಯೇ ಮೇಲಿನ ಸ್ವರದಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಳಕ್ಕೆ ಜಾರುವ ಗುಂಯ್. 1990ರ ದಶಕದ ಆರಂಭದಲ್ಲಿ ನೆದರ್‌ಲೆಂಡ್ಸಿನ ರಾಟರ್‌ಡ್ಯಾಮ್ ಸುತ್ತಮುತ್ತಲಿನ ಹುಡುಗರು ಈ ಕಿಕ್ಕನ್ನು ಡಿಸ್ಟಾರ್ಷನ್ ಮೂಲಕ ಹಾಯಿಸಿ, ಒಡೆದು ಚೂರಾಗುವಷ್ಟು ಒತ್ತಿ, ನಿಮಿಷಕ್ಕೆ 160ರಿಂದ 200 ಬೀಟ್ ವೇಗದಲ್ಲಿ ಓಡಿಸಿ ಗ್ಯಾಬರ್ ಎಂಬ ಸಂಗೀತ ಕಟ್ಟಿದರು. ‘ಟೂ ಎಕ್ಸ್‌ಟ್ರೀಮ್!’ ಹಾಡಿನಲ್ಲಿ ಬಡಿಯುವುದು ಆ ವಂಶದ ಕಿಕ್.

ಅಂದರೆ ಸ್ವೀಡಿಶ್ ಡೆತ್ ಮೆಟಲ್ಲಿನ ಗಿಟಾರೂ ಗ್ಯಾಬರ್ ಸಂಗೀತದ ಕಿಕ್ಕೂ ಒಂದೇ ಕಂಪನಿಯ, ಒಂದೇ ವರ್ಷದ ಸರಕು. ಎರಡರಲ್ಲೂ ಆದದ್ದು ಒಂದೇ ಕೆಲಸ: ತಯಾರಕರು ಊಹಿಸದಷ್ಟು ದೂರಕ್ಕೆ ಒಂದು ಸರ್ಕ್ಯೂಟನ್ನು ದೂಡಿ, ಅದು ಒಡೆಯುವ ಜಾಗದಲ್ಲಿ ಹೊಸ ಸದ್ದು ಹುಡುಕಿದ್ದು. ಒಂದನ್ನು ಪರಂಪರೆ ಎಂದು ಪೂಜಿಸಿ ಇನ್ನೊಂದನ್ನು ಮೈಲಿಗೆ ಎನ್ನುವವರು ಈ ಎರಡು ಪೆಟ್ಟಿಗೆಗಳಿಗೆ ಇರುವ ವ್ಯತ್ಯಾಸವನ್ನು ವಿವರಿಸಲಿ.

ಇತಿಹಾಸವೂ ತೀರ್ಪಿನವರ ಪರ ಇಲ್ಲ. ಅತಿ ವೇಗದ ಡ್ರಮ್ ಬಡಿತಕ್ಕೆ ಬ್ಲಾಸ್ಟ್ ಬೀಟ್ ಎಂಬ ಹೆಸರನ್ನು ಚಾಲ್ತಿಗೆ ತಂದವರೆಂದು ಹೇಳಲಾಗುವ ಮಿಕ್ ಹ್ಯಾರಿಸ್, ನೇಪಾಮ್ ಡೆತ್ ಬ್ಯಾಂಡಿನ ಡ್ರಮ್ಮರ್. 1991ರಲ್ಲಿ ಆ ಬ್ಯಾಂಡ್ ಬಿಟ್ಟು ಸ್ಕಾರ್ನ್ ಕಟ್ಟಿದರು, ಮೆಷಿನ್ನುಗಳ ಮತ್ತು ಡಬ್ ಸಂಗೀತದ ಕಡೆ ಹೊರಟರು. ಭೂಮಿಯ ಮೇಲೆ ಅತಿ ವೇಗವಾಗಿ ಡ್ರಮ್ಸ್ ಬಾರಿಸಿದವರಲ್ಲಿ ಒಬ್ಬರಿಗೆ ಮೆಷಿನ್ ಅವಮಾನವೆನಿಸಲಿಲ್ಲ. 1987ರ ‘ಸ್ಕಮ್’ ಆಲ್ಬಮ್ಮಿನ ಮೊದಲ ಬದಿಯಲ್ಲಿ ಅವರ ಜೊತೆ ಗಿಟಾರ್ ನುಡಿಸಿದ್ದ ಜಸ್ಟಿನ್ ಬ್ರಾಡ್ರಿಕ್ ಬರ್ಮಿಂಗ್‌ಹ್ಯಾಮ್‌ನಲ್ಲಿ ಗಾಡ್‌ಫ್ಲೆಶ್ ಕಟ್ಟಿ, ಡ್ರಮ್ಮರನ ಜಾಗಕ್ಕೆ ಡ್ರಮ್ ಮೆಷಿನ್ ಇಟ್ಟು 1989ರಲ್ಲಿ ‘ಸ್ಟ್ರೀಟ್‌ಕ್ಲೀನರ್’ ತಂದರು. ‘ಆಲ್ಟರ್ಸ್ ಆಫ್ ಮ್ಯಾಡ್ನೆಸ್’ ಬಂದ ಅದೇ ವರ್ಷ, ಅದೇ ಇಯರೇಕ್ ಕಂಪನಿಯಿಂದ. ಅದರಲ್ಲಿ ಕಿಕ್ ಪ್ರತಿ ಸಲವೂ ಒಂದೇ ಬಲದಲ್ಲಿ, ಕರುಣೆಯೇ ಇಲ್ಲದೆ ಬೀಳುತ್ತದೆ. ಆ ಕರುಣೆಯಿಲ್ಲದಿರುವಿಕೆಯೇ ಆಲ್ಬಮ್ಮಿನ ಜೀವ. ಮಾರ್ಬಿಡ್ ಏಂಜೆಲ್‌ನ ಮೊದಲ ದಿನಗಳ ಡ್ರಮ್ಮರ್ ಮೈಕ್ ಬ್ರೌನಿಂಗ್ ಟ್ಯಾಂಪಾದಲ್ಲೇ ನಾಕ್ಟರ್ನಸ್ ಕಟ್ಟಿ, ಕೀಬೋರ್ಡ್ ವಾದಕನೊಬ್ಬನನ್ನು ಬ್ಯಾಂಡಿನ ಕಾಯಂ ಸದಸ್ಯನಾಗಿಸಿಕೊಂಡು 1990ರಲ್ಲಿ ‘ದಿ ಕೀ’ ಮಾಡಿದರು.

ಇವರೆಲ್ಲ ಹೊರಗಿನವರು ಎನ್ನುವುದಾದರೆ ಮಾರ್ಬಿಡ್ ಏಂಜೆಲ್‌ನ ಒಳಗೇ ನೋಡಬಹುದು. 1991ರ ‘ಬ್ಲೆಸೆಡ್ ಆರ್ ದಿ ಸಿಕ್’ನಲ್ಲೂ ‘ಕವೆನಂಟ್’ನಲ್ಲೂ ಹಾಡುಗಳ ನಡುವೆ ಸಿಂಥಸೈಸರ್‌ನ ತುಣುಕುಗಳಿವೆ. 1998ರ ‘ಫಾರ್ಮುಲಾಸ್ ಫೇಟಲ್ ಟು ದ ಫ್ಲೆಶ್’ನ ಕೊನೆಯ ಭಾಗದಲ್ಲಿ ಅಂಥವು ಸಾಲಾಗಿ ಬರುತ್ತವೆ. 1994ರಲ್ಲಿ ಸ್ಲೊವೇನಿಯಾದ ಲೈಬಾಖ್ ಎಂಬ ಇಂಡಸ್ಟ್ರಿಯಲ್ ತಂಡ ‘ಗಾಡ್ ಆಫ್ ಎಂಪ್ಟಿನೆಸ್’ ಮತ್ತು ‘ಸ್ವೋರ್ನ್ ಟು ದ ಬ್ಲ್ಯಾಕ್’ ಹಾಡುಗಳನ್ನು ರೀಮಿಕ್ಸ್ ಮಾಡಿತು, ಅದನ್ನು ಇಯರೇಕ್ ಕಂಪನಿ ಮಾರ್ಬಿಡ್ ಏಂಜೆಲ್ ಹೆಸರಿನಲ್ಲೇ ಬಿಡುಗಡೆ ಮಾಡಿತು. 2011ಕ್ಕೆ ಹದಿನೇಳು ವರ್ಷ ಮೊದಲು! ವಿನ್ಸೆಂಟ್ ಬ್ಯಾಂಡಿನ ಹೊರಗಿದ್ದ ವರ್ಷಗಳಲ್ಲಿ ಜೆನಿಟಾರ್ಚರರ್ಸ್ ಎಂಬ ಇಂಡಸ್ಟ್ರಿಯಲ್ ರಾಕ್ ತಂಡದಲ್ಲಿದ್ದರು. 2011ರ ಆಲ್ಬಂ ದಾರಿ ತಪ್ಪಿದ ಒಂದು ದಿನದ ಹುಚ್ಚಲ್ಲ, ಬಹುಕಾಲದಿಂದ ಈ ಬ್ಯಾಂಡಿನೊಳಗೆ ಇದ್ದ ಒಲವು ಕೊನೆಗೆ ಹಾಡಿನ ಮಧ್ಯಕ್ಕೆ ಬಂತು.

ಇಷ್ಟು ಹೇಳಿದ ಮೇಲೆ ಸಿಗುವ ಉತ್ತರ ನನಗೆ ಗೊತ್ತು. ‘ಸಿಂಥಸೈಸರ್ ಇರಲಿ, ಟ್ರಿಗರ್ ಇರಲಿ, ಅವು ಸಹಾಯಕ್ಕೆ. ಸಂಗೀತದ ಬೆನ್ನೆಲುಬೇ ಮೆಷಿನ್ ಆದರೆ ಅದು ಮೆಟಲ್ ಅಲ್ಲ.’ ಹಾಗಾದರೆ ಸ್ವೀಡನ್ನಿನ ಮೆಷುಗ್ಗಾ 2005ರಲ್ಲಿ ತಂದ ‘ಕ್ಯಾಚ್ ಥರ್ಟಿತ್ರೀ’ ಆಲ್ಬಂ ಏನು? ಅದರಲ್ಲಿ ಡ್ರಮ್ಸ್ ಎಲ್ಲವೂ ಪ್ರೋಗ್ರಾಂ ಮಾಡಿದ್ದು. ಥಾಮಸ್ ಹಾಕೆಯಂಥ ಅಸಾಧಾರಣ ಡ್ರಮ್ಮರ್ ಬ್ಯಾಂಡಿನಲ್ಲೇ ಇರುವಾಗ ಹಾಗೆ ಮಾಡಿದರು. ಆ ಆಲ್ಬಮ್ಮಿಗೆ ಯಾರೂ ಬಹಿಷ್ಕಾರ ಹಾಕಲಿಲ್ಲ, ಇಂದಿಗೂ ಗೌರವದಿಂದಲೇ ಹೆಸರು ಹೇಳುತ್ತಾರೆ. ಕಾರಣ ಸರಳ: ಡ್ರಮ್ ಮೆಷಿನ್ ಅಲ್ಲಿ ಡ್ರಮ್ ಸೆಟ್‌ನ ವೇಷ ಹಾಕಿಕೊಂಡಿತ್ತು. ಡ್ರಮ್ಸಿನ ಹಾಗೆ ಕೇಳುವ ಮೆಷಿನ್ ಆಗಬಹುದು, ಮೆಷಿನ್ನಿನ ಹಾಗೆ ಕೇಳುವ ಮೆಷಿನ್ ಆಗದು. ಅಲ್ಲಿಗೆ, ಪ್ರಶ್ನೆ ಕೈಕಾಲಿನ ಶ್ರಮದ್ದಲ್ಲ ಎಂದಾಯಿತು.

ಇದಕ್ಕಿಂತ ದೊಡ್ಡ ಸಾಕ್ಷಿ 2024ರ ಅಕ್ಟೋಬರಿನಲ್ಲಿ ಬಂತು. ಅಮೆರಿಕದ ಡೆನ್ವರ್ ನಗರದ ಬ್ಲಡ್ ಇನ್‌ಕ್ಯಾಂಟೇಷನ್ ಬ್ಯಾಂಡಿನ ‘ಆಬ್ಸಲ್ಯೂಟ್ ಎಲ್ಸ್‌ವೇರ್’. ಎರಡೇ ದೀರ್ಘ ರಚನೆಗಳು, ಒಂದೊಂದಕ್ಕೂ ಮೂರು ಭಾಗ. ಬರ್ಲಿನ್ನಿನ ಹಾನ್ಸಾ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದರು. ‘ದಿ ಸ್ಟಾರ್‌ಗೇಟ್’ ರಚನೆಯ ಎರಡನೆಯ ಭಾಗದಲ್ಲಿ ಜರ್ಮನಿಯ ಎಲೆಕ್ಟ್ರಾನಿಕ್ ತಂಡ ಟ್ಯಾಂಜರಿನ್ ಡ್ರೀಮ್‌ನ ಥೋರ್ಸ್ಟನ್ ಕ್ವೇಶ್ನಿಂಗ್ ಬಂದು ಸಿಂಥಸೈಸರ್ ನುಡಿಸಿದ್ದಾರೆ. ಘೋರವಾದ ಡೆತ್ ಮೆಟಲ್ ಇದ್ದಕ್ಕಿದ್ದಂತೆ ನಿಂತು, ನಿಮಿಷಗಟ್ಟಲೆ ಬರೀ ಎಲೆಕ್ಟ್ರಾನಿಕ್ ಅಲೆಗಳು ತೇಲುತ್ತವೆ. ಇದೇ ಬ್ಯಾಂಡು 2022ರಲ್ಲಿ ‘ಟೈಮ್‌ವೇವ್ ಝೀರೋ’ ಎಂಬ ಪೂರ್ತಿ ಸಿಂಥಸೈಸರ್ ರೆಕಾರ್ಡನ್ನೇ ತಂದಿತ್ತು. ‘ಆಬ್ಸಲ್ಯೂಟ್ ಎಲ್ಸ್‌ವೇರ್’ಗೆ ಸಿಕ್ಕಿದ್ದು ಬಹಿಷ್ಕಾರವಲ್ಲ, ಆ ವರ್ಷದ ಅತ್ಯುತ್ತಮ ಆಲ್ಬಮ್ಮುಗಳ ಪಟ್ಟಿಗಳಲ್ಲಿ ಜಾಗ. ಅರ್ಹವಾದದ್ದೇ, ನಾನೂ ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಡೆತ್ ಮೆಟಲ್ಲಿಗೂ ಎಲೆಕ್ಟ್ರಾನಿಕ್ಸಿಗೂ ಆಗಿಬರುವುದಿಲ್ಲ ಎಂದಿದ್ದ ಸಿದ್ಧಾಂತ ಆ ದಿನ ಎಲ್ಲಿ ಹೋಯಿತು?

ಅದು ಎಲ್ಲೂ ಹೋಗಿಲ್ಲ. ಅದರ ನಿಜವಾದ ಗುರಿ ಎಲೆಕ್ಟ್ರಾನಿಕ್ಸ್ ಆಗಿರಲೇ ಇಲ್ಲ. ಟ್ಯಾಂಜರಿನ್ ಡ್ರೀಮ್‌ನ ಎಲೆಕ್ಟ್ರಾನಿಕ್ಸ್ 1970ರ ದಶಕದ ಜರ್ಮನಿಯದು, ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಹೆಡ್‌ಫೋನ್ ಹಾಕಿ ಕೇಳುವಂಥದ್ದು. ಮಾರ್ಬಿಡ್ ಏಂಜೆಲ್ ತಂದದ್ದು ಕುಣಿಯುವ ಎಲೆಕ್ಟ್ರಾನಿಕ್ಸ್. ರಾಟರ್‌ಡ್ಯಾಮಿನಲ್ಲಿ ತಲೆ ಬೋಳಿಸಿ, ಟ್ರ್ಯಾಕ್‌ಸೂಟ್ ತೊಟ್ಟು, ಬೆಳಗಿನವರೆಗೆ ಕುಣಿದ ಹುಡುಗರ ಸಂಗೀತ ಅದು. ಚಿಂತನೆಯ ಗಾಂಭೀರ್ಯ ಹೊತ್ತು ಬಂದ ಮೆಷಿನ್ನಿಗೆ ಮಣೆ, ಮೈ ಕುಣಿಸಲು ಬಂದ ಮೆಷಿನ್ನಿಗೆ ಬಾಗಿಲು ಬಂದ್. ಈ ಭೇದ ಮಾಡುವವರು ತಮ್ಮ ಆಕ್ಷೇಪವನ್ನು ಸಂಗೀತಶಾಸ್ತ್ರದ ಮಾತಿನಲ್ಲಿ ಹೇಳುತ್ತಾರೆ, ಆದರೆ ಅದು ಕುಣಿತದ ಅಂಗಳವನ್ನು ಕಂಡರಾಗದ ಹಳೆಯ ರಾಕ್ ಅಹಂಕಾರ.

ಆ ಅಹಂಕಾರಕ್ಕೆ ಒಂದು ಇತಿಹಾಸ ಇದೆ, ಅದು ಚೆಂದದ್ದಲ್ಲ. 1979ರ ಜುಲೈ 12ರಂದು ಶಿಕಾಗೋದ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ, ಎರಡು ಪಂದ್ಯಗಳ ನಡುವಿನ ಬಿಡುವಿನಲ್ಲಿ, ಸ್ಟೀವ್ ಡಾಲ್ ಎಂಬ ರೇಡಿಯೋ ನಿರೂಪಕ ಜನ ತಂದಿದ್ದ ಡಿಸ್ಕೋ ರೆಕಾರ್ಡುಗಳನ್ನು ಪೆಟ್ಟಿಗೆಗೆ ತುಂಬಿ ಸಿಡಿಸಿದ. ರಾಕ್ ಅಭಿಮಾನಿಗಳು ಮೈದಾನಕ್ಕೆ ನುಗ್ಗಿದರು, ಎರಡನೆಯ ಪಂದ್ಯ ನಡೆಯಲೇ ಇಲ್ಲ. ಅಂದು ಅಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಕೆಲಸದಲ್ಲಿದ್ದ ವಿನ್ಸ್ ಲಾರೆನ್ಸ್ ಎಂಬ ಕರಿಯ ಹುಡುಗ, ಡಿಸ್ಕೋ ಅಲ್ಲದ, ಬರೀ ಕರಿಯರ ಸಂಗೀತ ಎನ್ನಬಹುದಾದ ರೆಕಾರ್ಡುಗಳನ್ನೂ ಜನ ತಂದದ್ದನ್ನು ಕಂಡಿದ್ದ. ಮುಂದೆ ಆತ ಜೆಸ್ಸಿ ಸಾಂಡರ್ಸ್ ಜೊತೆ ಸೇರಿ 1984ರಲ್ಲಿ ‘ಆನ್ ಅಂಡ್ ಆನ್’ ಮಾಡಿದ, ಹೌಸ್ ಸಂಗೀತದ ಮೊದಲ ರೆಕಾರ್ಡುಗಳಲ್ಲಿ ಅದೊಂದು. ಡಿಟ್ರಾಯಿಟ್ ಬಳಿಯ ಬೆಲ್‌ವಿಲ್ ಶಾಲೆಯ ಮೂವರು ಗೆಳೆಯರು, ಹುವಾನ್ ಆಟ್‌ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್‌ಸನ್, ಟೆಕ್ನೋ ಕಟ್ಟಿದರು. ಅವರೂ ಕರಿಯರು. ಗ್ಯಾಬರ್ ಆ ಟೆಕ್ನೋದ ಡಚ್ ಸಂತಾನ. ಮಾರ್ಬಿಡ್ ಏಂಜೆಲ್‌ನ ಆಲ್ಬಂ ಬೈದವರೆಲ್ಲ ಬಣ್ಣದ ದ್ವೇಷಿಗಳು ಎಂದು ನಾನು ಹೇಳುತ್ತಿಲ್ಲ, ಅದು ಅನ್ಯಾಯದ ಮಾತಾದೀತು. ಆದರೆ ಕಿವಿಗೂ ಪಿತ್ರಾರ್ಜಿತ ಇರುತ್ತದೆ. ಕುಣಿತದ ಕಿಕ್ ಕೇಳಿದ ಕೂಡಲೇ ‘ಇದು ಸಂಗೀತವೇ ಅಲ್ಲ’ ಎಂದು ಹೇಳಿಸುವ ಸಿಟ್ಟು ಎಲ್ಲಿಂದ ಬಂತು ಎಂದು ಕೇಳಿಕೊಳ್ಳದವರು ಶುದ್ಧಿಯ ಬಗ್ಗೆ ಮಾತಾಡಬಾರದು.

ಹಾಗಾದರೆ ಈ ಆಲ್ಬಂ ಎಡವಿದ್ದೆಲ್ಲಿ? ‘ಟೂ ಎಕ್ಸ್‌ಟ್ರೀಮ್!’ ಹಾಡನ್ನೇ ತೆಗೆದುಕೊಳ್ಳೋಣ. ಆರು ನಿಮಿಷ ಮೀರುತ್ತದೆ. ಶುರುವಾದ ಮೊದಲ ಅರ್ಧ ನಿಮಿಷದ ಯೋಚನೆ ನಿಜಕ್ಕೂ ಒಳ್ಳೆಯದು: ಬೀಟು ಬೀಟಿಗೂ ಬೀಳುವ ಒರಟು ಕಿಕ್, ಅದರ ಮೇಲೆ ಕೊಯ್ಯುವ ಗಿಟಾರ್. ಮುಂದೆ ಏನೂ ಆಗುವುದಿಲ್ಲ. ಡೆತ್ ಮೆಟಲ್‌ನಲ್ಲಿ ಹಾಡು ನಡೆಯುವುದು ರಿಫ್ ಬದಲಾಗುವುದರಿಂದ. ಒಂದು ರಿಫ್ ಬರುತ್ತದೆ, ತಿರುಗಿಕೊಳ್ಳುತ್ತದೆ, ವೇಗ ಮುರಿಯುತ್ತದೆ, ಹೊಸದು ನುಗ್ಗುತ್ತದೆ. ಟೆಕ್ನೋದಲ್ಲಿ ಹಾಡು ನಡೆಯುವುದು ಪುನರಾವರ್ತನೆಯಿಂದ, ಆದರೆ ಆ ಪುನರಾವರ್ತನೆ ಸುಮ್ಮನೆ ಕೂತಿರುವುದಿಲ್ಲ. ಒಂದು ಪದರ ಸೇರುತ್ತದೆ, ಫಿಲ್ಟರ್ ನಿಧಾನವಾಗಿ ತೆರೆದುಕೊಳ್ಳುತ್ತದೆ, ಕಿಕ್ಕನ್ನು ಒಂದಿಷ್ಟು ಹೊತ್ತು ತಡೆಹಿಡಿದು ಕೇಳುಗರ ಮೈಯಲ್ಲಿ ಕಾತರ ತುಂಬಿಸಿ ಆಮೇಲೆ ಬಿಡುತ್ತಾರೆ. ಎರಡೂ ಕಾಲವನ್ನು ಆಳುವ ಬೇರೆ ಬೇರೆ ವಿಧಾನಗಳು. ಬೆರೆಸುವವರು ಇಬ್ಬರಲ್ಲಿ ಯಾರು ಯಜಮಾನರು ಎಂದು ತೀರ್ಮಾನಿಸಬೇಕು, ಇಲ್ಲವೇ ಮೂರನೆಯ ವಿಧಾನವೊಂದನ್ನು ಹುಡುಕಬೇಕು. ಮಾರ್ಬಿಡ್ ಏಂಜೆಲ್ ಎರಡನ್ನೂ ಮಾಡಲಿಲ್ಲ. ಟೆಕ್ನೋದಿಂದ ಪುನರಾವರ್ತನೆಯನ್ನು ತೆಗೆದುಕೊಂಡರು, ಅದರ ಪದರಗಳನ್ನು ಬಿಟ್ಟರು. ಮೆಟಲ್‌ನಿಂದ ಗಿಟಾರಿನ ಬಣ್ಣ ಉಳಿಸಿಕೊಂಡರು, ರಿಫ್‌ನ ತಿರುವುಗಳನ್ನು ಬಿಟ್ಟರು.

ಸದ್ದಿನ ಮಟ್ಟದಲ್ಲೂ ಒಂದು ತೊಡಕಿದೆ. ಗ್ಯಾಬರ್‌ನಲ್ಲಿ ಒಡೆದ ಕಿಕ್ಕೇ ಬಾಸ್, ಕೆಳಗಿನ ಜಾಗವನ್ನೆಲ್ಲ ಅದೇ ತುಂಬುತ್ತದೆ. ಅದರ ಮೇಲೆ ತಗ್ಗಿನ ಸ್ಥಾಯಿಗೆ ಶ್ರುತಿ ಮಾಡಿದ ಗಿಟಾರನ್ನೂ ಬಾಸ್ ಗಿಟಾರನ್ನೂ ತಂದರೆ ಇಬ್ಬರಲ್ಲಿ ಒಬ್ಬರು ಜಾಗ ಬಿಡಬೇಕು. ಇಲ್ಲಿ ಬಿಟ್ಟುಕೊಟ್ಟದ್ದು ಗಿಟಾರ್, ತೆಳ್ಳಗೆ ದೂರದಲ್ಲಿ ಕೊರೆಯುತ್ತಾ ನಿಂತಿತು. ಏಳು ನಿಮಿಷ ದಾಟುವ ‘ರ್‍ಯಾಡಿಕಲ್ಟ್’ನಲ್ಲಿ ಇನ್ನೂ ಕಷ್ಟ. ಅಲ್ಲಿರುವುದು ಕ್ಲಬ್ಬಿನ ತುದಿಗೆ ಹೋದ ಸಂಗೀತವೂ ಅಲ್ಲ, ಆಲ್ಬಮ್ಮಿಗೆ ಹದಿನೈದು ವರ್ಷ ಹಿಂದೆ ಅಮೆರಿಕದ ರೇಡಿಯೋದಲ್ಲಿ ಓಡುತ್ತಿದ್ದ ಇಂಡಸ್ಟ್ರಿಯಲ್ ರಾಕ್‌ನ ಬಡಿತ. ಹೊಸದೆಂದು ಹಳತನ್ನು ಕೊಟ್ಟರು. ನನ್ನ ದೂರು ಇದು: ಈ ಬ್ಯಾಂಡು ಎಲೆಕ್ಟ್ರಾನಿಕ್ ಸಂಗೀತವನ್ನು ಅತಿಯಾಗಿ ತಂದಿಲ್ಲ, ಸಾಕಷ್ಟು ತರಲಿಲ್ಲ. ಅದರ ವ್ಯಾಕರಣವನ್ನು ಕಲಿಯದೆ ಅದರ ಸದ್ದನ್ನು ಮಾತ್ರ ತಂದರು.

ಕಲಿತು ತಂದವರು ಆಗಲೇ ಇದ್ದರು ಎಂಬುದು ಈ ಮಾತಿಗೆ ಆಧಾರ. ಲಾಸ್ ಏಂಜಲೀಸಿನ ಫಿಯರ್ ಫ್ಯಾಕ್ಟರಿ 1992ರಲ್ಲಿ ‘ಸೋಲ್ ಆಫ್ ಎ ನ್ಯೂ ಮೆಷಿನ್’ ತಂದಾಗ ಡೆತ್ ಮೆಟಲ್‌ಗೆ ಹತ್ತಿರವಿದ್ದ ಬ್ಯಾಂಡು. ಮರುವರ್ಷವೇ ಕೆನಡಾದ ಫ್ರಂಟ್ ಲೈನ್ ಅಸೆಂಬ್ಲಿ ತಂಡದವರ ಕೈಗೆ ತಮ್ಮ ಹಾಡುಗಳನ್ನು ಕೊಟ್ಟು ರೀಮಿಕ್ಸ್ ಮಾಡಿಸಿ, ‘ಫಿಯರ್ ಈಸ್ ದ ಮೈಂಡ್‌ಕಿಲ್ಲರ್’ ಎಂದು ಹೊರತಂದರು. ಆ ಪಾಠ 1995ರ ‘ಡಿಮ್ಯಾನುಫ್ಯಾಕ್ಚರ್’ನಲ್ಲಿ ಫಲ ಕೊಟ್ಟಿತು. ಅದರಲ್ಲಿ ಡಿನೋ ಕಜಾರೆಸ್ ಅಂಗೈಯಿಂದ ತಂತಿಗಳನ್ನು ಅದುಮಿ ನುಡಿಸುವ ಗಿಟಾರೂ ರೇಮಂಡ್ ಹೆರೆರಾ ಅವರ ಕಿಕ್ಕೂ ಪೆಟ್ಟಿಗೆ ಪೆಟ್ಟು ಒಂದೇ ಲೆಕ್ಕದಲ್ಲಿ ಓಡುತ್ತವೆ, ಎ‌ರಡು ವಾದ್ಯ ಕೂಡಿ ಒಂದೇ ಯಂತ್ರವಾಗುತ್ತದೆ. ಕೆಳಗಿನ ಜಾಗಕ್ಕಾಗಿ ಜಗಳವೇ ಇಲ್ಲ. ಮೇಲಿನ ಬಯಲಿನಲ್ಲಿ ಫ್ರಂಟ್ ಲೈನ್ ಅಸೆಂಬ್ಲಿಯ ರೀಸ್ ಫಲ್ಬರ್ ಅವರ ಕೀಬೋರ್ಡು. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ದಿ ಬರ್ಜರ್ಕರ್ ಇನ್ನೂ ಮುಂದೆ ಹೋಯಿತು. ಅದನ್ನು ಕಟ್ಟಿದ ಲ್ಯೂಕ್ ಕೆನ್ನಿ ಗ್ಯಾಬರ್ ಲೋಕದಿಂದಲೇ ಬಂದವರು. 2000ದಲ್ಲಿ ಬಂದ ಮೊದಲ ಆಲ್ಬಮ್ಮಿನಲ್ಲಿ ಗ್ಯಾಬರ್ ಕಿಕ್ ಡೆತ್ ಮೆಟಲ್ಲಿನ ಕೆಳಗೆ ಹಾಸಿದ ಜಮಖಾನೆಯಾಗಿಲ್ಲ, ಡ್ರಮ್ ಸೆಟ್‌ನ ಕಿಕ್ಕಿನ ಜಾಗದಲ್ಲೇ ಕೂತಿದೆ. ಬ್ಲಾಸ್ಟ್ ಬೀಟೇ ಗ್ಯಾಬರ್ ಆಗುತ್ತದೆ, ಗ್ಯಾಬರೇ ಬ್ಲಾಸ್ಟ್ ಬೀಟ್ ಆಗುತ್ತದೆ. ಒಂದು ಯೋಚನೆಯನ್ನು ಅದು ತಾಳುವಷ್ಟು ಹೊತ್ತು ಮಾತ್ರ ಓಡಿಸಿ ನಿಲ್ಲಿಸುತ್ತಾರೆ. ಮಾರ್ಬಿಡ್ ಏಂಜೆಲ್ ಆಲ್ಬಮ್ಮಿಗೆ ಹನ್ನೊಂದು ವರ್ಷ ಮೊದಲೇ ಇದು ಸಾಧ್ಯವಾಗಿತ್ತು.

ಇಷ್ಟೆಲ್ಲ ಉದಾಹರಣೆ ಕಣ್ಣೆದುರು ಇದ್ದರೂ 2011ರ ಒಂದು ಸೋಲನ್ನು ಹಿಡಿದು ‘ನೋಡಿ, ನಾವು ಹೇಳಿರಲಿಲ್ಲವೇ’ ಎನ್ನುವವರಿಗೆ ಸಂಗೀತ ಬೇಕಿಲ್ಲ, ಗೆದ್ದ ಸಮಾಧಾನ ಬೇಕು. ವಿನ್ಸೆಂಟ್ 2015ರಲ್ಲಿ ಬ್ಯಾಂಡ್ ಬಿಟ್ಟರು. 2017ರಲ್ಲಿ ಬಂದ ‘ಕಿಂಗ್‌ಡಮ್ಸ್ ಡಿಸ್‌ಡೇನ್ಡ್’ನಲ್ಲಿ ಕ್ಲಬ್ಬಿನ ಕಿಕ್‌ನ ಸುಳಿವೂ ಇಲ್ಲ. ಗಟ್ಟಿಮುಟ್ಟಾದ ಆಲ್ಬಂ, ಜನ ನಿಟ್ಟುಸಿರು ಬಿಟ್ಟರು. ಅಜಗ್‌ಥಾತ್‌ನಂಥ ಮನಸ್ಸು ತನ್ನ ಅರ್ಧ ಬೆಂದ ಯೋಚನೆಯನ್ನು ಇನ್ನೊಂದು ಆಲ್ಬಮ್ಮಿನಲ್ಲಿ ಪೂರ್ತಿ ಬೇಯಿಸಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಕೇಳಬೇಕಿತ್ತು. ಮೊದಲ ಪ್ರಯತ್ನದ ಸೋಲಿಗೆ ಇಂಥ ದಂಡ ಹಾಕುವ ಸಂಗೀತಲೋಕದಲ್ಲಿ ಎರಡನೆಯ ಪ್ರಯತ್ನ ಹುಟ್ಟುವುದೇ ಕಷ್ಟ.

ಈ ತೀರ್ಪು ನಮ್ಮ ಬೆಂಗಳೂರಿನಲ್ಲೂ ಅಷ್ಟೇ ಗಟ್ಟಿ ದನಿಯಲ್ಲಿ ಕೇಳಿಬರುತ್ತದೆ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದುಹೋದ ಊರು ಇದು, 2012ರಿಂದ ಬೆಂಗಳೂರು ಓಪನ್ ಏರ್ ಉತ್ಸವ ಕಂಡ ಊರು. ಮೆಟಲ್ ಮೇಲಿನ ಪ್ರೀತಿಗೆ ಇಲ್ಲಿ ಬರವಿಲ್ಲ. ಆದರೆ ಬಾಡಿಗೆ ಮನೆಯಲ್ಲಿ ಡ್ರಮ್ ಸೆಟ್ ಬಡಿದರೆ ಸಂಜೆಯೊಳಗೆ ಮಾಲೀಕರು ಬಾಗಿಲು ತಟ್ಟುತ್ತಾರೆ. ಹಾಗಾಗಿ ಎಷ್ಟೋ ಹುಡುಗ ಹುಡುಗಿಯರು ಡ್ರಮ್ಸನ್ನು ಲ್ಯಾಪ್‌ಟಾಪಿನಲ್ಲೇ ಪ್ರೋಗ್ರಾಂ ಮಾಡಿಕೊಂಡು ಡೆತ್ ಮೆಟಲ್ ಕಟ್ಟುತ್ತಾರೆ. ಮಾಡಿದ ಮೇಲೆ ಅದನ್ನು ಮುಚ್ಚಿಡಲು ಒದ್ದಾಡುತ್ತಾರೆ. ಸಾಫ್ಟ್‌ವೇರಿನಲ್ಲಿ ಅದಕ್ಕೆಂದೇ ಒಂದು ಸೌಲಭ್ಯವಿದೆ: ಕರಾರುವಾಕ್ಕಾಗಿ ಬೀಳುವ ಪೆಟ್ಟುಗಳನ್ನು ತುಸು ಹಿಂದೆಮುಂದೆ ಸರಿಸಿ, ಒಂದನ್ನು ಮೆತ್ತಗೆ ಒಂದನ್ನು ಜೋರಾಗಿ ಮಾಡಿ, ದಣಿದ ಮನುಷ್ಯನೊಬ್ಬ ಬಾರಿಸಿದ ಹಾಗೆ ನಂಬಿಸುತ್ತದೆ. ಪ್ರತಿಭೆ ಇರುವವರು ಗಂಟೆಗಟ್ಟಲೆ ಕೂತು ಇಲ್ಲದ ಡ್ರಮ್ಮರನ ದಣಿವನ್ನು ನಕಲು ಮಾಡುತ್ತಿದ್ದಾರೆ, ಏಕೆಂದರೆ ಮೆಷಿನ್ ಮೆಷಿನ್ನಿನ ಹಾಗೆ ಕೇಳಿದರೆ ‘ಇದು ಇಲ್ಲುಡ್ ಆಯಿತು’ ಎಂದು ಒಂದೇ ಮಾತಿನಲ್ಲಿ ಹೊಡೆದುಹಾಕುವವರು ಕಾದಿದ್ದಾರೆ. ‘ಸ್ಟ್ರೀಟ್‌ಕ್ಲೀನರ್’ ಮಾಡಿದ ಬ್ರಾಡ್ರಿಕ್ ಕೈಯಲ್ಲಿ ಇದಕ್ಕಿಂತ ಹೆಚ್ಚಿನ ಸಲಕರಣೆ ಇರಲಿಲ್ಲ. ಆ ಹುಡುಗರಿಗೆ ನಾನು ಹೇಳುವುದು, ಮನುಷ್ಯ ಬಾರಿಸಿದ ಹಾಗೆ ನಂಬಿಸುವ ಆ ಗುಂಡಿಯನ್ನು ಒತ್ತಬೇಡಿ. ಕಿಕ್ ಇದ್ದಲ್ಲೇ, ಇದ್ದಷ್ಟೇ ಬಲದಲ್ಲಿ ಬೀಳಲಿ, ಅದಕ್ಕೆ ತಕ್ಕ ರಿಫ್ ಬರೆಯಿರಿ.